ದತ್ತು ಮಗಳು ಹೆತ್ತ ತಾಯಿಯ ಬಗ್ಗೆ ಕೇಳಿದರೆ ಏನು ಹೇಳಬೇಕು?

ಪ್ರಶ್ನೆ:
ನಾಲ್ಕನೆಯ ವಯಸ್ಸಿನಲ್ಲಿ ವಿಶೇಷ ದತ್ತು ಸಂಸ್ಥೆಯಿಂದ ನಮ್ಮ ಮನೆಗೆ ಬಂದ ಮಗಳಿಗೆ ಈಗ ಎಂಟು ವರ್ಷ. ದತ್ತು ವಿಷಯವನ್ನು ನಾವು ಅವಳಿಂದ ಎಂದೂ ಮುಚ್ಚಿಟ್ಟಿಲ್ಲ. ಶಾಲೆಯಲ್ಲಿ ವಂಶವೃಕ್ಷ ಬರೆದು ತರಲು ಹೇಳಿದ ದಿನದಿಂದ ಅವಳು ಮಂಕಾಗಿದ್ದಾಳೆ, ಮಲಗುವ ಹೊತ್ತಿನಲ್ಲಿ, "ನಾನು ಕೆಟ್ಟವಳು ಅಂತ ಆ ಅಮ್ಮ ಬಿಟ್ಟುಹೋದಳಾ?" ಎಂದು ಕೇಳುತ್ತಾಳೆ. ಬಿಸ್ಕತ್ತು, ಚಪಾತಿ ಚೂರುಗಳನ್ನು ದಿಂಬಿನ ಕೆಳಗೆ ಬಚ್ಚಿಡುವ ಹಳೆಯ ಅಭ್ಯಾಸವೂ ಮರಳಿದೆ. ಆ ಮಾತನ್ನೇ ಎತ್ತಬೇಡಿ ಎಂದು ಮನೆಯ ಹಿರಿಯರು ಹೇಳುತ್ತಾರೆ. ನಾವೇನು ಮಾಡಬೇಕು?

ಉತ್ತರ 1 (ದತ್ತು ತಾಯಿ):
ದಯವಿಟ್ಟು ಮಾತು ನಿಲ್ಲಿಸಬೇಡಿ. ಅದು ದೊಡ್ಡವರು ತೆಗೆದುಕೊಂಡ ತೀರ್ಮಾನ, ಅದರಲ್ಲಿ ನಿನ್ನ ತಪ್ಪು ಏನೇನೂ ಇಲ್ಲ ಎಂಬುದನ್ನು ಅವಳು ಎಷ್ಟು ಸಲ ಕೇಳಿದರೂ ಅಷ್ಟೂ ಸಲ ಹೇಳಿ. ಸಮಾಧಾನಕ್ಕೆಂದು ಕಥೆ ಕಟ್ಟಬೇಡಿ. "ನಿನ್ನ ಮೇಲಿನ ಪ್ರೀತಿಯಿಂದಲೇ ಬಿಟ್ಟುಕೊಟ್ಟಳು" ಎಂದರೆ, ಪ್ರೀತಿಸುವ ನೀವೂ ಒಂದು ದಿನ ಬಿಟ್ಟುಕೊಡಬಹುದೆಂಬ ಭಯ ಮಗುವಿಗೆ ಹುಟ್ಟಬಹುದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ. ದಿಂಬಿನ ಕೆಳಗಿನ ತಿಂಡಿಗೆ ಗದರಬೇಡಿ. ಅವಳ ಕೈಗೆಟುಕುವಲ್ಲಿ ಅವಳದೇ ಒಂದು ಡಬ್ಬಿ ಇಟ್ಟು, ಅದು ಖಾಲಿಯಾಗದಂತೆ ನೋಡಿಕೊಳ್ಳಿ.

ಉತ್ತರ 2 (ಆಪ್ತಸಮಾಲೋಚಕಿ):
ತರಗತಿಯ ಶಿಕ್ಷಕಿಯೊಂದಿಗೆ ಖಾಸಗಿಯಾಗಿ ಮಾತನಾಡಿ. ಬೇರಿನಲ್ಲಿ ಹೆತ್ತವರಿಗೂ ಕೊಂಬೆಗಳಲ್ಲಿ ನಿಮ್ಮ ಮನೆಯವರಿಗೂ ಜಾಗವಿರುವ ಮರವನ್ನು ಅವಳು ಬರೆಯಬಹುದು. ದತ್ತು ಸಂಸ್ಥೆ ಆರು ತಿಂಗಳಿಗೊಮ್ಮೆ ವಿಚಾರಿಸುವ ಎರಡು ವರ್ಷಗಳ ಅವಧಿ ನಿಮಗೆ ಮುಗಿದಿದೆಯಾದರೂ, ಆಪ್ತಸಮಾಲೋಚನೆಗಾಗಿ ಆ ಸಂಸ್ಥೆಯನ್ನೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನೋ ಈಗಲೂ ಕೇಳಬಹುದು. ನಿದ್ದೆ, ಊಟ, ಆಟ ಮೂರೂ ಕೆಡುತ್ತಿದ್ದರೆ ತಡಮಾಡದೆ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯಕೀಯ ವಿಭಾಗವನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ. ಮೂಲದ ಮಾಹಿತಿ ಹುಡುಕಲು 18 ತುಂಬಿದ ಮೇಲೆ ಅವಳೇ ಅರ್ಜಿ ಹಾಕಬಹುದು, ಅದಕ್ಕೂ ಮೊದಲಾದರೆ ನಿಮ್ಮೊಡನೆ ಸೇರಿ. ಮಗುವನ್ನು ಒಪ್ಪಿಸಿದ ಹೆತ್ತವರು ಗೋಪ್ಯತೆ ಕೋರಿದ್ದರೆ ಮಾಹಿತಿ ಸಿಗದೆಯೂ ಇರಬಹುದು. ಆದ್ದರಿಂದ ಖಂಡಿತ ಹುಡುಕಿಕೊಡುತ್ತೇವೆ ಎಂಬ ಭಾಷೆ ಕೊಡಬೇಡಿ.

ಉತ್ತರ 3 (ದತ್ತುಪುತ್ರ):
ನಾನು ಕೇಳಿದಾಗಲೆಲ್ಲ ಅಮ್ಮನ ಮುಖ ಸಪ್ಪಗಾಗುತ್ತಿದ್ದುದರಿಂದ ಕೇಳುವುದನ್ನೇ ಬಿಟ್ಟೆ, ಯೋಚಿಸುವುದನ್ನು ಬಿಡಲಾಗಲಿಲ್ಲ. ನಿಮ್ಮ ಮಗಳು ಕೇಳುತ್ತಿದ್ದಾಳೆ, ಅಂದರೆ ನಿಮ್ಮನ್ನು ನಂಬಿದ್ದಾಳೆ. ಹಿರಿಯರನ್ನೂ ಕೂರಿಸಿಕೊಂಡು ಇದನ್ನು ತಿಳಿಹೇಳಿ. ಮದುವೆಮನೆಯಲ್ಲಿ ಯಾರಾದರೂ ಅವಳ ಎದುರೇ "ಸ್ವಂತ ಮಗುವಾ?" ಎಂದು ಕೇಳಿದರೆ, "ಹೌದು, ನಮ್ಮ ಮೊಮ್ಮಗಳು" ಎಂಬ ಉತ್ತರ ಅಜ್ಜಿಯ ಬಾಯಿಂದಲೇ ಬರಬೇಕು.