ಪಿ0420 ಹೋಗವಲ್ದು, ಮುಂಜಾನೆ ಎಂಜಿನ್ ಕುಂಟತದ: ಕ್ಯಾಟ್ ಬದಲಿಸೋದೋ, ಕಾರ್ಬನ್ ತೆಗಿಸೋದೋ?

ಪ್ರಶ್ನೆ (ಬೆಳಗಾವಿ, ಟಿಳಕವಾಡಿ)

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ 2 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್, ಡೈರೆಕ್ಟ್ ಇಂಜೆಕ್ಷನ್, ಬಿಎಸ್4. 82,000 ಕಿ.ಮೀ. ಓಡೇದ, ಸ್ಟೇಜ್ 1 ರೀಮ್ಯಾಪ್ (ಶಕ್ತಿ ಹೆಚ್ಚಿಸಾಕ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿ) ಆಗೇದ. ಚೆಕ್ ಎಂಜಿನ್ ದೀಪ ಹತ್ತಿ ಪಿ0420 (ಕ್ಯಾಟ್ ಕೆಲಸ ಕಡಿಮಿ ಆಗೇದ ಅನ್ನೋ ಕೋಡ್) ಬರ್ತದ, ಅಳಿಸಿದ್ರ ನಾಕೈದು ದಿನಕ್ಕ ಮತ್ತ ಹಾಜರ್. ಮುಂಜಾನೆ ಸ್ಟಾರ್ಟ್ ಮಾಡಿದ ಕೂಡ್ಲೆ ಒಂದೂವರೆ ನಿಮಿಷ ಎಂಜಿನ್ ಕುಂಟತದ, ಆವಾಗ ಪಿ0300, ಪಿ0303 (ಮಿಸ್‌ಫೈರ್ ಕೋಡ್, ಅಂದ್ರ ಸಿಲಿಂಡರಿನಾಗ ಪೆಟ್ರೋಲ್ ಸರಿ ಉರೀವಲ್ದು; ಎರಡನೇದು 3ನೇ ಸಿಲಿಂಡರಿಂದು). 4,000 ಆರ್‌ಪಿಎಂ ದಾಟಿದ ಮ್ಯಾಲೆ ಮೊದಲಿನ ಎಳೆತ ಇಲ್ಲ. ಆಯಿಲ್ 3,000 ಕಿ.ಮೀ.ಗೆ ಸುಮಾರು 1 ಲೀಟರ್ ಕುಡೀತದ. ಗ್ಯಾರೇಜಿನವರು ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್, ಹೊಗಿ ಶುದ್ಧ ಮಾಡೋ ಡಬ್ಬಿ) ಹೊಸಾದು ಹಾಕಬೇಕು ಅಂತಾರ, ಲಕ್ಷದ ಮ್ಯಾಲಿನ ಮಾತು. ಟ್ಯಾಂಕಿಗೆ ಹಾಕೋ ಕ್ಲೀನರ್ 2 ಬಾಟ್ಲಿ ಹಾಕಿದ್ದಾಯ್ತು, ಫರಕ್ ಇಲ್ಲ. ಯಾವುದು ಮೊದಲು ಮಾಡಿಸಬೇಕು, ಗೊತ್ತಿದ್ದವರು ತಿಳಿಸ್ರಿ.

ಉತ್ತರ (ಬೆಳಗಾವಿ, ಉದ್ಯಮಬಾಗ, ಗ್ಯಾರೇಜ್)

ಸರ್, ಕ್ಯಾಟ್ ತಾನಾಗೇ ಸಾಯೋದು ಅಪರೂಪ. ಅದನ್ನ ಏನೋ ಒಂದು ಕೊಂದಿರ್ತದ. ಅದನ್ನ ಹುಡುಕದ ಹೊಸಾದು ಹಾಕಿದ್ರ ಹೊಸಾದೂ ಅದೇ ದಾರಿ ಹಿಡೀತದ. ನಿಮ್ಮ ತಕರಾರು ಮೂರಲ್ಲ, ಒಂದೇ ಸರಪಳಿ ಇದ್ದಂಗ ಕಾಣತದ. ಆಯಿಲ್ ಹಬೆ ಇನ್‌ಟೇಕ್ ವಾಲ್ವ್ (ಸಿಲಿಂಡರಿಗೆ ಗಾಳಿ ಬಿಡೋ ವಾಲ್ವ್) ಬೆನ್ನಿನ ಮ್ಯಾಲೆ ಕುಂತು ಸುಟ್ಟು ಕಾರ್ಬನ್ ಆಗ್ತದ. ಅದರಿಂದ ಥಂಡಿ ಎಂಜಿನ್ ಮಿಸ್ ಹೊಡೀತದ. ಸುಡದ ಪೆಟ್ರೋಲ್ ಕ್ಯಾಟ್ ಒಳಗ ಹೋಗಿ ಅಲ್ಲಿ ಉರೀತದ. ಕ್ಯಾಟ್ ಕೆಲಸ ಶುರು ಮಾಡೋದು 250–300 ಡಿಗ್ರಿ ಸೆಲ್ಸಿಯಸ್‌ಗೆ. 1,000 ಡಿಗ್ರಿ ಹತ್ರ ಹೋದ್ರ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಕಣಗಳು ಒಂದಕ್ಕೊಂದು ಅಂಟಿಕೊಂಡು ಕೆಲಸ ಬಿಡ್ತಾವ. ಇನ್ನೂ ಏರಿದ್ರ ಜೇನುಗೂಡಿನಂಥ ಸೆರಾಮಿಕ್ಕೇ ಕರಗಿ ಹೊಗಿ ಹೋಗೋ ದಾರಿ ಮುಚ್ಚತದ. ದೀಪ ಬರೇ ಹತ್ತಿಕೊಂಡಿದ್ರ ಸಾವಕಾಶ ಮನಿಗೆ ಬರಬಹುದು. ಮಿಣಿ ಮಿಣಿ ಬಡೀತಿದ್ರ ಅದು ಕ್ಯಾಟ್ ಸುಡೋ ಮಿಸ್‌ಫೈರ್. ಆಕ್ಸಿಲರೇಟರ್ ಬಿಟ್ಟು ಪಕ್ಕಕ್ಕ ನಿಲ್ಲಿಸ್ರಿ.

ಮೊದಲ ಕೆಲಸ ಸೈಲೆನ್ಸರ್ ಲೈನ್ ಸೋರಿಕೆ ನೋಡೋದು. ಹಿಂದಿನ ಆಕ್ಸಿಜನ್ ಸೆನ್ಸರ್‌ಕಿಂತ (ಕ್ಯಾಟ್ ದಾಟಿದ ಮ್ಯಾಲೆ ಇರೋದು) ಮುಂಚೆ ಎಲ್ಲೇ ಸಣ್ಣ ಬಿರುಕಿದ್ರೂ ಹೊರಗಿನ ಗಾಳಿ ಒಳಗ ಎಳಕೊಂಡು ಸೆನ್ಸರ್ ಸುಳ್ಳು ಹೇಳತದ. ಎಂಜಿನ್ ಪೂರ್ತಿ ಆರಿದ ಮ್ಯಾಲೆ ವ್ಯಾಕ್ಯೂಮ್ ಕ್ಲೀನರಿನ ಊದೋ ಬಾಯಿಯನ್ನ ಸೈಲೆನ್ಸರ್ ತುದಿಗೆ ಬಟ್ಟೆ ಸುತ್ತಿ ಹಚ್ಚರಿ. ಡೌನ್‌ಪೈಪ್ (ಟರ್ಬೊದಿಂದ ಇಳಿಯೋ ಹೊಗಿ ಪೈಪ್) ಫ್ಲ್ಯಾಂಜ್ (ಪೈಪ್ ಕೂಡೋ ಜಾಗ), ಜಾಳಿಗಿ ಸುತ್ತಿದ ಫ್ಲೆಕ್ಸ್ ಪೈಪ್, ಸೆನ್ಸರ್ ಬುಡ, ಎಲ್ಲಾ ಕಡೆ ಸಾಬೂನು ನೀರು ಹೊಡೀರಿ. ಗುಳ್ಳೆ ಎದ್ದಲ್ಲಿ ಸೋರತದ. ಗ್ಯಾಸ್ಕೆಟ್ ಅಂಚಿನಾಗ ಕರೀ ಮಸಿಯ ಗೀಟು ಕಂಡ್ರೂ ಅದೇ ಅರ್ಥ.

ಆಮೇಲೆ ಸ್ಕ್ಯಾನರ್. ಎಂಜಿನ್ ಕಾದ ಮ್ಯಾಲೆ 2,500 ಆರ್‌ಪಿಎಂನಾಗ 2–3 ನಿಮಿಷ ಹಿಡಿದು ಹಿಂದಿನ ಸೆನ್ಸರ್ ಗ್ರಾಫ್ ನೋಡ್ರಿ. ಒಳ್ಳೇ ಕ್ಯಾಟ್ ಇದ್ರ 0.6–0.7 ವೋಲ್ಟ್ ಹತ್ರ ಗೆರಿ ಸಪಾಟ ಇರ್ತದ. 0.1ರಿಂದ 0.9ಕ್ಕ ಬಡಬಡ ಹಾರತಿದ್ರ ಕ್ಯಾಟ್ ಆಕ್ಸಿಜನ್ ಹಿಡಿದಿಟ್ಟುಕೊಳ್ಳವಲ್ದು. ಜೊತೀಗೆ ಫ್ಯುಯೆಲ್ ಟ್ರಿಮ್ (ಎಂಜಿನ್ ಕಂಪ್ಯೂಟರ್ ಪೆಟ್ರೋಲ್ ಎಷ್ಟು ಹೆಚ್ಚು ಕಡಿಮಿ ಮಾಡಾಕತ್ತೇದ ಅನ್ನೋ ಅಂಕಿ): ಶೇ. 5ರ ಒಳಗ ಕೂಡಿಸಿದ್ರೂ ಕಳೆದ್ರೂ ಚಿಂತಿ ಇಲ್ಲ, 10 ದಾಟಿದ್ರ ಗಾಳಿ ಇಲ್ಲಾ ಪೆಟ್ರೋಲ್ ಲೆಕ್ಕ ತಪ್ಪೇದ. ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲಿನಿಂದ ಟ್ರಿಮ್ ಸ್ವಲ್ಪ ಮ್ಯಾಲೆ ಸರಿಯೋದು ಸಹಜ, ಅದನ್ನ ರೋಗ ಅನ್ಕೋಬ್ಯಾಡ್ರಿ.

ಎಳೆತ ಕಡಿಮಿ ಅಂದ್ರಲ್ಲ, ಅದಕ್ಕ ಬ್ಯಾಕ್‌ಪ್ರೆಶರ್ (ಹೊಗಿ ಹೋಗೋ ದಾರಿಯಾಗ ಹಿಂದಕ್ಕ ಬೀಳೋ ಒತ್ತಡ) ಅಳೀರಿ. ಮುಂದಿನ ಸೆನ್ಸರ್ ಬಿಚ್ಚಿ ಅದೇ ತೂತಿಗೆ ಗೇಜ್ ಹಾಕೋದು, ಥ್ರೆಡ್ 18×1.5. ಐಡಲ್‌ನಾಗ (ರೇಸ್ ಕೊಡದ ಓಡುವಾಗ) 1 ಪಿಎಸ್‌ಐ ಆಸುಪಾಸು, 2,500ಕ್ಕ 3 ಪಿಎಸ್‌ಐ ದಾಟಬಾರದು. ದಾಟಿದ್ರ ದಾರಿ ಕಟ್ಟೇದ. ಸೆನ್ಸರ್ ಬಿಚ್ಚೋಕ 22ರ ಸೀಳು ಸಾಕೆಟ್ ಬೇಕು, ಎಂಜಿನ್ ಉಗುರುಬೆಚ್ಚಗ ಇದ್ದಾಗ ಬಿಚ್ಚರಿ, ಥ್ರೆಡ್ ಕಿತ್ತು ಬರೋದಿಲ್ಲ. ಮತ್ತ ಹಾಕುವಾಗ ಆ್ಯಂಟಿ-ಸೀಜ್ (ಥ್ರೆಡ್ ಕಚ್ಚಿಕೊಳ್ಳದಂಗ ಹಚ್ಚೋ ಪೇಸ್ಟ್) ಥ್ರೆಡ್ಡಿಗೆ ಅಷ್ಟ, ಮೂತಿಗೆ ತಾಗಿದ್ರ ಸೆನ್ಸರ್ ಹೋತು.

ಉತ್ತರ (ವಿಜಯಪುರ, ಟರ್ಬೊ ಕೆಲಸ)

ಮೇಲಿನ ಸರ್ ಹೇಳಿದ್ದಕ್ಕೆ ಆಯಿಲ್ ವಿಷಯ ಸೇರಿಸುತ್ತೇನೆ. 3,000ಕ್ಕೆ 1 ಲೀಟರ್ ಎಂದರೆ ಆ ಆಯಿಲ್‌ನ ರಂಜಕ, ಸತು ಎಲ್ಲಾ ಕ್ಯಾಟ್ ಮೇಲೆ ಕೂರುತ್ತಿದೆ. ಈ ಲೇಪ ಬಿಸಿಯಿಂದ ಸುಟ್ಟು ಹೋಗುವುದಿಲ್ಲ, ತೊಳೆದರೂ ಬಿಡುವುದಿಲ್ಲ. ಹಾಗಾಗಿ ಆಯಿಲ್ ಎಲ್ಲಿಂದ ಹೋಗುತ್ತಿದೆ ಎಂದು ಗೊತ್ತಾಗುವ ತನಕ ಕ್ಯಾಟ್‌ಗೆ ಒಂದು ರೂಪಾಯಿ ಖರ್ಚು ಮಾಡಬೇಡಿ.

ಮೊದಲ ಅನುಮಾನ ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಹಬೆಯನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್) ಮೇಲೆ. ಎಂಜಿನ್ ಐಡಲ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಎತ್ತಿ ನೋಡಿ. ಸ್ವಲ್ಪ ಎಳೆತ ಇದ್ದರೆ ಸರಿ. ಎರಡೂ ಕೈ ಹಾಕಿ ಕೀಳಬೇಕಾದರೆ, ಒಳಗಿನಿಂದ ಸೀಟಿ ಹೊಡೆದಂತೆ ಸದ್ದು ಬಂದರೆ, ಪಿಸಿವಿಯ ರಬ್ಬರ್ ಪೊರೆ ಹರಿದಿದೆ. ಅದರ ಮೂಲಕ ಆಯಿಲ್ ಹಬೆ ಲೆಕ್ಕವಿಲ್ಲದೆ ಇನ್‌ಟೇಕ್‌ಗೆ ಹೋಗುತ್ತದೆ. ಎಳೆತದ ಬದಲು ಗಾಳಿ ಹೊರಗೆ ನುಗ್ಗುತ್ತಿದ್ದರೆ ಪಿಸ್ಟನ್ ರಿಂಗ್ ಕಡೆ ನೋಡಿ, ಕಂಪ್ರೆಶನ್ ಮತ್ತು ಲೀಕ್‌ಡೌನ್ (ಸಿಲಿಂಡರ್‌ಗೆ ಗಾಳಿ ತುಂಬಿ ಸೋರಿಕೆ ಅಳೆಯುವ) ಪರೀಕ್ಷೆ ಆಗಲೇಬೇಕು.

ಟರ್ಬೊ ಸೀಲ್ ಎರಡನೆಯದು. ಇಂಟರ್‌ಕೂಲರ್ ಪೈಪ್ ಬಿಚ್ಚಿದಾಗ ತೆಳುವಾದ ಪಸೆ ಇರುವುದು ಮಾಮೂಲು, ಕೆಳಗೆ ಆಯಿಲ್ ನಿಂತಿದ್ದರೆ ಅಲ್ಲ. ಟರ್ಬೈನ್ ಬಾಯಿಯಲ್ಲಿ ಒದ್ದೆ ಕಪ್ಪು ಅಂಟು ಕಂಡರೆ ಬಿಸಿ ಕಡೆಯ ಸೀಲ್ ಹೋಗಿದೆ. ಇನ್ನೊಂದು ಮಾತು, ಎಂಜಿನ್ ಕೆಲಸಕ್ಕೆ ಸಿಕ್ಕ ಸಿಕ್ಕ ಸಿಲಿಕೋನ್ ಗಮ್ ಹಚ್ಚಿಸಬೇಡಿ. ಸೆನ್ಸರ್‌ಗೆ ಹಾನಿ ಇಲ್ಲವೆಂದು ಟ್ಯೂಬ್ ಮೇಲೆ ಬರೆದಿರುವುದನ್ನೇ ಕೇಳಿ. ಸಿಲಿಕೋನ್ ಹಬೆ ಸೆನ್ಸರನ್ನೂ ಕ್ಯಾಟನ್ನೂ ಸೇರಿಸಿ ಹಾಳು ಮಾಡುತ್ತದೆ.

ಉತ್ತರ (ಬೆಳಗಾವಿ, ಕ್ಯಾಂಪ್)

ರೀಮ್ಯಾಪ್‌ದಾಗ ಪಾಪ್ಸ್ ಆ್ಯಂಡ್ ಬ್ಯಾಂಗ್ಸ್ ಹಾಕಿಸೀರೇನ್ರಿ? ಇದ್ರ ಇವತ್ತೇ ತೆಗಿಸ್ರಿ. ಆ ಪಟಪಟ ಸದ್ದು ಅಂದ್ರ ಪೆಟ್ರೋಲ್ ಬೇಕಂತಲೇ ಎಕ್ಸಾಸ್ಟಿನಾಗ ಉರಿಸೋದು, ಕ್ಯಾಟಿಗೆ ನೇರ ಹೊಡೆತ. ಮತ್ತ ರೀಮ್ಯಾಪ್ ಗಾಡಿಗೆ ಪ್ಲಗ್ 20–30 ಸಾವಿರ ಕಿ.ಮೀ.ಗೆ ಬದಲಿಸ್ರಿ. ಪಿ0303ಕ್ಕ ಪುಕ್ಕಟೆ ಪರೀಕ್ಷಾ ಒಂದದ: 3ನೇ ಸಿಲಿಂಡರಿನ ಕಾಯಿಲ್ (ಪ್ಲಗ್ಗಿಗೆ ಕಿಡಿ ಕೊಡೋದು) 1ಕ್ಕ ಹಾಕ್ರಿ, 1ರದ್ದು 3ಕ್ಕ. ಕೋಡ್ ಪಿ0301 ಆದ್ರ ಕಾಯಿಲ್ ಹೋಗೇದ. 3ರಾಗೇ ಉಳಿದ್ರ ಪ್ಲಗ್, ಇಂಜೆಕ್ಟರ್, ವಾಲ್ವ್ ನೋಡಬೇಕು.

ಉತ್ತರ (ಬಾಗಲಕೋಟೆ, ನವನಗರ)

ಅಣ್ಣಾರ, ಟ್ಯಾಂಕಿಗೆ ಹಾಕೋ ಕ್ಲೀನರ್‌ನಿಂದ ಫರಕ್ ಆಗಲಿಲ್ಲ ಅಂದ್ರಿ, ಆಗೋದೂ ಇಲ್ಲ. ಡೈರೆಕ್ಟ್ ಇಂಜೆಕ್ಷನ್‌ದಾಗ ಪೆಟ್ರೋಲ್ ಸೀದಾ ಸಿಲಿಂಡರ್ ಒಳಗ ಬೀಳತದ, ಇನ್‌ಟೇಕ್ ವಾಲ್ವಿನ ಬೆನ್ನಿಗೆ ಒಂದು ಹನಿ ತಾಗೋದಿಲ್ಲ. ಕ್ಲೀನರ್ ಇಂಜೆಕ್ಟರ್ ಮೂತಿಗೆ ಒಳ್ಳೇದು, ಅಷ್ಟ. ಎಂಜಿನ್ ಓಡುವಾಗ ಇನ್‌ಟೇಕ್‌ದಾಗ ಸ್ಪ್ರೇ ಹೊಡೆಯೋದೂ ಬ್ಯಾಡ. ಗಟ್ಟಿ ಕಾರ್ಬನ್ ಚೂರು ಕಿತ್ತು ಟರ್ಬೈನ್ ಎಲಿಗೆ ಬಡೀತದ, ಅಲ್ಲಿಂದ ಕ್ಯಾಟ್ ಸೇರತದ.

ಖಾತ್ರಿ ಉಪಾಯ ಅಂದ್ರ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚೋ ಕೊಳವಿ) ಬಿಚ್ಚಿ ಅಕ್ರೋಡ್ ಸಿಪ್ಪಿ ಪುಡಿಯಿಂದ ಬ್ಲಾಸ್ಟ್ ಮಾಡೋದು. ಬೇಕಾಗೋದು: 1 ಎಂ.ಎಂ. ಆಸುಪಾಸಿನ ಪುಡಿ 4–5 ಕೆಜಿ, 100 ಲೀಟರಿಗಿಂತ ದೊಡ್ಡ ಟ್ಯಾಂಕಿನ ಕಂಪ್ರೆಸರ್, ನೀರು ಬೇರೆ ಮಾಡೋ ಫಿಲ್ಟರ್, ಪೋರ್ಟಿಗೆ ಕೂಡೋ ಅಡಾಪ್ಟರ್, ದೊಡ್ಡ ವ್ಯಾಕ್ಯೂಮ್, ಬೋರೋಸ್ಕೋಪ್ (ತೂತಿನಾಗ ಇಳಿಸೋ ಸಣ್ಣ ಕ್ಯಾಮೆರಾ), ಹೊಸಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಕೆಲಸದ ಹಿಂದಿನ ರಾತ್ರಿಯೇ ಗಾಡಿ ನಿಲ್ಲಿಸ್ರಿ. ಹೈ ಪ್ರೆಶರ್ ರೇಲಿನಾಗ 150–200 ಬಾರ್ ಇರ್ತದ, ಒತ್ತಡ ಇಳಿಸದ ಪೈಪ್ ಸಡಿಲ ಮಾಡಿದ್ರ ಪೆಟ್ರೋಲ್ ಧಾರಿ ಚರ್ಮ ಸೀಳತದ.

ಈಗ ಮುಖ್ಯ ಮಾತು. ಬ್ಲಾಸ್ಟ್ ಮಾಡೋ ಸಿಲಿಂಡರಿನ ಎರಡೂ ಇನ್‌ಟೇಕ್ ವಾಲ್ವ್ ಮುಚ್ಚಿರಬೇಕು. ನಿಮ್ಮ ಎಂಜಿನ್ ಫೈರಿಂಗ್ ಕ್ರಮ 1-3-4-2 ಇದ್ರ ಎರಡೇ ನಿಲುಗಡೆ ಸಾಕು. ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ತಿರುಗೋ ದಿಕ್ಕಿಗೇ ತಿರುವಿ, 1ನೇ ಸಿಲಿಂಡರನ್ನ ಕಂಪ್ರೆಶನ್ ತುದಿಗೆ (ವಾಲ್ವ್ ಮುಚ್ಚಿ ಪಿಸ್ಟನ್ ಪೂರಾ ಮ್ಯಾಲೆ ಬಂದ ಜಾಗ) ತರ್ರಿ. ಆವಾಗ 1 ಮತ್ತ 2 ಮುಚ್ಚಿರ್ತಾವ. ಪೂರಾ ಒಂದು ಸುತ್ತು ತಿರುವಿದ್ರ 4 ಮತ್ತ 3. ಆದ್ರೂ ಟಾರ್ಚ್ ಬಿಟ್ಟು ನೋಡದ ನಂಬಬ್ಯಾಡ್ರಿ. ಅನುಮಾನ ಬಂದ್ರ ಎರಡು ಚಮಚ ಕಾರ್ಬ್ ಕ್ಲೀನರ್ ಹಾಕ್ರಿ, ನಿಂತ್ರ ಮುಚ್ಚೇದ, ಇಳಿದ್ರ ತೆರದದ. ಉಳಿದ ಪೋರ್ಟುಗಳಿಗೆ ಬಟ್ಟೆ ತುರುಕಿ, ಎಷ್ಟು ಬಟ್ಟೆ ಅಂತ ಎಣಿಸಿ ಬರಕೊಳ್ರಿ.

ಒತ್ತಡ 80–100 ಪಿಎಸ್‌ಐ. ಒಮ್ಮೆಗೆ 4–5 ಸೆಕೆಂಡ್ ಹೊಡೆದು ನಿಲ್ಲಿಸಿ, ವ್ಯಾಕ್ಯೂಮ್ ಎಳೀಲಿ, ನಳಿಗಿ ಸ್ವಲ್ಪ ತಿರುವಿ ಮತ್ತ ಹೊಡೀರಿ. ಮೊದಲು ವಾಲ್ವ್ ಕಾಂಡ ಅನ್ನೋದು ಕರಟದ ಹಂಗ ದಪ್ಪ, ಕರಿ ಇರ್ತದ. ಮೂರ್ನಾಕು ಸಲಕ್ಕ ಬೂದು ಲೋಹದ ಹೊಳಪು ಕಾಣತದ. ವಾಲ್ವ್ ಕಾಂಡದ ಹಿಂದಿನ ಮಗ್ಗಲು ಕಣ್ಣಿಗೆ ಬೀಳೋದಿಲ್ಲ, ಅಲ್ಲೇ ಹೆಚ್ಚು ಉಳೀತದ, ಕನ್ನಡಿ ಇಲ್ಲಾ ಬೋರೋಸ್ಕೋಪ್ ಬಿಟ್ಟು ನೋಡ್ರಿ. ಪೋರ್ಟ್ ಹಸಿ ಇದ್ರ ಪುಡಿ ಮುದ್ದಿಯಾಗಿ ಅಂಟತದ, ಅದಕ್ಕ ಕ್ಲೀನರ್ ಹಾಕಿದಲ್ಲಿ ಪೂರ್ತಿ ಒಣಗಿಸಿಯೇ ಹೊಡೀರಿ. ನಾಕೂ ಸಿಲಿಂಡರ್ ಒಂದು ದಿನದ ಕೆಲಸ.

ಬೆಳಗಾವ್ಯಾಗ ಫೌಂಡ್ರಿ ಬಾಳ, ಶಾಟ್ ಬ್ಲಾಸ್ಟ್, ಸ್ಯಾಂಡ್ ಬ್ಲಾಸ್ಟ್ ಕೈಗೆಟಕೋ ಹಂಗ ಸಿಗತದ. ಎರಕದ ತುಂಡಿಗೆ ಅದು ಬರೋಬರಿ, ಜೋಡಿಸಿದ ಎಂಜಿನಿಗೆ ವಿಷ. ಉಸುಕಿನ ಒಂದು ಕಣ ಉಳಿದ್ರೂ ಬೋರ್ ಗೀರತದ. ಅಕ್ರೋಡ್ ಸಿಪ್ಪಿ ಒಂದೆರಡು ಕಣ ಒಳಗ ಬಿದ್ರ ಸುಟ್ಟು ಹೋಗತದ, ಅದಕ್ಕೇ ಅದನ್ನ ಆರಿಸೋದು.

ಕೇಳಿದವರು (ಟಿಳಕವಾಡಿ)

ಎಲ್ಲಾರಿಗೂ ಬಾಳ ಉಪಕಾರ ಆತ್ರಿ. ಪರೀಕ್ಷಾ ಮಾಡಿಸಿದ ಅಂಕಿ ಹಾಕ್ತೇನಿ. ಡೌನ್‌ಪೈಪ್ ಹಿಂದಿನ ಫ್ಲ್ಯಾಂಜಿನಾಗ ಗುಳ್ಳೆ ಬಂದಾವ. ಬ್ಯಾಕ್‌ಪ್ರೆಶರ್ ಐಡಲ್‌ಗೆ 0.8, 2,500ಕ್ಕ 2 ಪಿಎಸ್‌ಐ. ಲಾಂಗ್ ಟರ್ಮ್ ಟ್ರಿಮ್ ಐಡಲ್‌ನಾಗ +12, 2,500ರಾಗ +3. ಕಾಯಿಲ್ ಅದಲು ಬದಲು ಮಾಡಿದ್ರೂ ಮಿಸ್ 3ರಾಗೇ. ಕಂಪ್ರೆಶನ್ ನಾಕೂ ಸರಿಸಮ. ಆಯಿಲ್ ಮುಚ್ಚಳ ಕೀಳೋಕ ಜೋರು ಹಾಕಬೇಕು, ಸೀಟಿ ಸದ್ದು ಅದ. ಪಾಪ್ಸ್ ಇಲ್ಲ. ಹಿಂದಿನ ಸೆನ್ಸರ್ 0.2ರಿಂದ 0.7ಕ್ಕ ಆಡತದ.

ಉತ್ತರ (ಉದ್ಯಮಬಾಗ, ಗ್ಯಾರೇಜ್)

ಹಂಗಾರ ಕ್ಯಾಟ್ ಈಗ ಖರೀದಿ ಮಾಡಬ್ಯಾಡ್ರಿ ಸರ್. ಐಡಲ್‌ನಾಗ ಟ್ರಿಮ್ ಹೆಚ್ಚು, ರೇಸ್ ಕೊಟ್ಟಾಗ ಇಳೀತದ ಅಂದ್ರ ಅಳತಿ ತಪ್ಪಿಸಿಕೊಂಡ ಗಾಳಿ ಒಳಗ ಬರಾಕತ್ತೇದ. ಸೀಟಿ ಸದ್ದಿನ ಜೋಡಿ ಸೇರಿಸಿದ್ರ ಪಿಸಿವಿ ಹರಿದದ್ದು ಖರೇ. ದಾರಿ ಕಟ್ಟಿಲ್ಲ, ಬ್ಯಾಕ್‌ಪ್ರೆಶರ್ ಚಲೋ ಅದ. ಹಿಂದಿನ ಸೆನ್ಸರ್ ಆಡೋದಕ್ಕ ಫ್ಲ್ಯಾಂಜ್ ಸೋರಿಕೆಯೂ ಕಾರಣ ಇರಬಹುದು, ಅದು ಮುಚ್ಚೋ ತನಕ ಕ್ಯಾಟಿನ ತೀರ್ಪು ಕೊಡಾಕ ಬರೋದಿಲ್ಲ.

ಕ್ರಮ ಹಿಂಗಿರಲಿ: ಪಿಸಿವಿ ಹೊಸಾದು, ವಾಲ್ವ್ ಕಾರ್ಬನ್ ತೆಗಿಸೋದು, 4 ಪ್ಲಗ್, ಫ್ಲ್ಯಾಂಜ್ ಗ್ಯಾಸ್ಕೆಟ್, ಕಡೀಕ ಆಯಿಲ್ ಮತ್ತ ಫಿಲ್ಟರ್. ಮ್ಯಾನಿಫೋಲ್ಡ್ ಬೋಲ್ಟ್ ನಡುವಿನಿಂದ ಹೊರಗ ಬಿಗೀರಿ, ಕಂಪನಿ ಹೇಳಿದ ಟಾರ್ಕಿಗೇ. ಸಣ್ಣ ಬೋಲ್ಟ್, ಅಲ್ಯೂಮಿನಿಯಂ ಥ್ರೆಡ್, ಕೈ ಅಂದಾಜು ನಡಿಯಂಗಿಲ್ಲ. ಥ್ರಾಟಲ್ ಬಾಡಿ ಒರಸಿದ್ರ ಸ್ಕ್ಯಾನರಿನಿಂದ ಅಡಾಪ್ಟೇಶನ್ (ಥ್ರಾಟಲ್ ನಿಲುವು ಕಂಪ್ಯೂಟರಿಗೆ ಹೊಸದಾಗಿ ಕಲಿಸೋದು) ಮಾಡಿಸ್ರಿ, ಇಲ್ಲಾಂದ್ರ ಐಡಲ್ ಏರಿಳಿತದ.

ಆಮೇಲೆ ಕೋಡ್ ಅಳಿಸಿ, ಥಂಡಿ ಎಂಜಿನ್ ಸ್ಟಾರ್ಟ್ ಮಾಡಿ, ಎನ್‌ಎಚ್ 48 ಹಿಡಿದು ಕಿತ್ತೂರ ಕಡೆ 80–90ರ ಒಂದೇ ವೇಗದಾಗ 20 ನಿಮಿಷ ಓಡಸ್ರಿ. ಊರಾಗ ಸಿಗ್ನಲ್ಲಿಂದ ಸಿಗ್ನಲ್ಲಿಗೆ ಓಡಿಸಿದ್ರ ಕ್ಯಾಟಲಿಸ್ಟ್ ಮಾನಿಟರ್ (ಗಾಡಿ ತಾನೇ ಮಾಡೋ ಕ್ಯಾಟ್ ಪರೀಕ್ಷಾ) ಪೂರಾ ಆಗೋದಿಲ್ಲ. 300–500 ಕಿ.ಮೀ. ಆದ ಮ್ಯಾಲೆ ಹಿಂದಿನ ಸೆನ್ಸರ್ ಮತ್ತ ನೋಡ್ರಿ. ಗೆರಿ ಸಪಾಟ ಆದ್ರ ಹಳೇ ಕ್ಯಾಟೇ ಇರಲಿ. ಆಗಲೂ ಹಾರತಿದ್ರ ಬದಲಿ, ಆದ್ರ ಅಗ್ಗದ ಯುನಿವರ್ಸಲ್ ತುಂಡು ವೆಲ್ಡ್ ಮಾಡಿಸಬ್ಯಾಡ್ರಿ. ಅದರಾಗ ಬೆಲೆಬಾಳೋ ಲೋಹ ಕಡಿಮಿ, ಕೆಲವೇ ತಿಂಗಳಿಗೆ ಪಿ0420 ವಾಪಸ್. ಹಳೇ ಕ್ಯಾಟ್ ಗ್ಯಾರೇಜಿನಾಗ ಬಿಟ್ಟು ಬರಬ್ಯಾಡ್ರಿ, ಗುಜರಿಯಾಗ ಅದಕ್ಕ ಒಳ್ಳೇ ಬೆಲಿ ಅದ.

ಉತ್ತರ (ವಿಜಯಪುರ, ಟರ್ಬೊ ಕೆಲಸ)

ಯಾರಾದರೂ ಹಿಂದಿನ ಸೆನ್ಸರ್‌ಗೆ ಸ್ಪೇಸರ್ (ಸೆನ್ಸರನ್ನು ಹೊಗೆಯಿಂದ ದೂರ ಸರಿಸುವ ತುಂಡು) ಹಾಕಿ ದೀಪ ಆರಿಸುತ್ತೇವೆ, ಇಲ್ಲವೇ ಕ್ಯಾಟ್ ಒಳಗಿನದ್ದು ಒಡೆದು ಖಾಲಿ ಪೈಪ್ ಮಾಡುತ್ತೇವೆ ಎಂದರೆ ಒಪ್ಪಬೇಡಿ. ಅದು ಕಾನೂನಿಗೂ ವಿರುದ್ಧ, ಹೊಗೆ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತದೆ. ಬಿಎಸ್4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ. 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. 2,500 ಆರ್‌ಪಿಎಂ ಹತ್ತಿರ ಮಾನಾಕ್ಸೈಡ್ 0.2, ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಪ್ರಮಾಣದ ಅಂಕಿ) 0.97ರಿಂದ 1.03. ಪರೀಕ್ಷೆಗೆ ಹೋಗುವ ಮುಂಚೆ 15 ನಿಮಿಷ ಓಡಿಸಿ ಕ್ಯಾಟ್ ಕಾಯಿಸಿಕೊಂಡೇ ಹೋಗಿ. ಆ ಚೀಟಿಯಲ್ಲಿ ಬಂದ ಅಂಕಿಗಳನ್ನು ಇಲ್ಲಿ ಹಾಕಿ, ರಿಪೇರಿ ಎಷ್ಟು ಹಿಡಿದಿದೆ ಎಂದು ಅದರಿಂದಲೂ ತಿಳಿಯುತ್ತದೆ.