ಸ್ಯಾಂಟೊರಿನಿಯಲ್ಲಿ ಅರ್ಧ ದಿನ: ಅಪ್ಪ-ಅವ್ವನಿಗಾಗಿ ಪ್ರೈವೇಟ್ ಗಾಡಿ ಮಾಡಬೇಕಾ?

ನವನಗರದ ಮಗಳು, ಬಾಗಲಕೋಟೆ

ನಮಸ್ಕಾರ ರೀ ಎಲ್ಲರಿಗೂ. ಮೇ ಕೊನೆಯ ವಾರ ಅಪ್ಪ, ಅವ್ವ, ನಾನು, ನಮ್ಮ ಮನೆಯವರು ನಾಲ್ಕು ಜನ ಗ್ರೀಸ್‌ಗೆ ಹೊರಟಿದ್ದೇವೆ. ಪಿರೇಯಸ್ ಬಂದರಿನಿಂದ ಕ್ರೂಸ್ ಹಡಗು. ಸ್ಯಾಂಟೊರಿನಿ ದ್ವೀಪದಲ್ಲಿ ಒಂದೇ ದಿನ ಸಿಗುತ್ತದೆ, ಹಡಗು ಬೆಳಿಗ್ಗೆ 7ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದೆ.

ಹಡಗಿನವರದೇ ಬಸ್ ಟೂರ್ ಇದೆ, ಆದರೆ ದೊಡ್ಡ ಬಸ್ಸು, ಎಲ್ಲರೂ ಒಟ್ಟಿಗೆ ಇಳಿಯಬೇಕು, ಒಟ್ಟಿಗೆ ಹತ್ತಬೇಕು. ನಮ್ಮ ಅಪ್ಪ ನಿವೃತ್ತ ಹೈಸ್ಕೂಲ್ ಮಾಸ್ತರು. ವರ್ಷ ವರ್ಷ ಮಕ್ಕಳನ್ನು ಐಹೊಳೆ, ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿ ಒಂದೊಂದು ಗುಡಿಯ ಮುಂದೆ ತಾಸುಗಟ್ಟಲೆ ನಿಂತು ಹೇಳಿದವರು. ಅವರಿಗೆ ಅಕ್ರೋತಿರಿ ಎಂಬ ಹೂತುಹೋದ ಊರು ನೋಡಬೇಕು, ಅಷ್ಟೇ. ಅವ್ವನಿಗೆ ಮೊಣಕಾಲು ನೋವು. ಕಳೆದ ಶ್ರಾವಣದಲ್ಲಿ ಬಾದಾಮಿಯ ಮೇಣಬಸದಿಗೆ ಹೋದಾಗ ಮೊದಲನೇ ಗುಹೆ ನೋಡಿ ಅಲ್ಲೇ ಕುಳಿತು "ನೀವು ಹೋಗಿ ಬರ್ರಿ" ಎಂದು ನಮ್ಮನ್ನು ಮೇಲೆ ಕಳಿಸಿದಳು. ನಾವು ಇಳಿದು ಬಂದಾಗ ಒಬ್ಬಳೇ ಕೆರೆ ನೋಡುತ್ತಾ ಕುಳಿತಿದ್ದಳು. ಈ ಸಲ ಹಾಗೆ ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಅವಳಿಗೆ ಬೇಕಾದದ್ದು ಒಂದೇ, ನೀಲಿ ಗುಮ್ಮಟದ ಬಿಳಿ ಚರ್ಚಿನ ಮುಂದೆ ಒಂದು ಫೋಟೊ.

ಅಲ್ಲಿಯ ಒಂದು ಗಾಡಿ ಕಂಪನಿಗೆ ಮೇಲ್ ಹಾಕಿದ್ದೆ. ಐದು ತಾಸಿಗೆ, ನಾಲ್ಕು ಜನಕ್ಕೆ 420 ಯೂರೋ ಅಂದರು. ಒಂಬತ್ತು ಜಾಗ ಬರೆದಿದ್ದಾರೆ: ಫಿರಾ (ದ್ವೀಪದ ಮುಖ್ಯ ಊರು), ಫಿರೊಸ್ತೆಫಾನಿ, ಪಿರ್ಗೋಸ್, ಅಕ್ರೋತಿರಿ, ರೆಡ್ ಬೀಚ್, ಪೆರಿಸ್ಸಾ, ವೈನರಿ, ಇಯಾ, ಇಯಾದಲ್ಲಿ ಸೂರ್ಯಾಸ್ತ. ಇಷ್ಟು ದುಡ್ಡು ಕೊಡುವುದು ಸರಿಯಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಟಿಳಕವಾಡಿ ಪ್ರವಾಸಿ, ಬೆಳಗಾವಿ

ಅಕ್ಕಾರೆ, ನಾವು ಅತ್ತೆ-ಮಾವನ ಜೊತೆ ಹೀಗೇ ಹಡಗಿನಲ್ಲಿ ಹೋಗಿದ್ದೆವು. ಗಾಡಿ ಮಾಡಿ. ಆದರೆ ಅವರು ಕಳಿಸಿದ ಪಟ್ಟಿಗೆ ಒಪ್ಪಬೇಡಿ.

ಮೊದಲು ಆ ಪಟ್ಟಿ ನೋಡಿ. ನಿಮ್ಮ ಹಡಗು 6ಕ್ಕೆ ಹೊರಡುತ್ತದೆ. ಮೇ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 8 ದಾಟಿದ ಮೇಲೆ. ಅಂದರೆ ನಿಮ್ಮ ಮೇಲ್ ಅವರು ಓದೇ ಇಲ್ಲ, ಎಲ್ಲರಿಗೂ ಕಳಿಸುವುದನ್ನೇ ನಿಮಗೂ ಕಳಿಸಿದ್ದಾರೆ. ನಮಗೂ ಹೀಗೇ ಆಗಿತ್ತು. ನಾವು ಸುಮ್ನೆ ಒಪ್ಪಿಕೊಂಡೆವು. ಐದು ತಾಸಿನಲ್ಲಿ ಎಂಟು ಕಡೆ ಇಳಿಸಿದ. ಒಂದು ಕಡೆ ಆಭರಣದ ಅಂಗಡಿಯಲ್ಲಿ ಮುಕ್ಕಾಲು ತಾಸು ಹೋಯಿತು, ಅದು ಪಟ್ಟಿಯಲ್ಲೇ ಇರಲಿಲ್ಲ. ಮಾವನವರಿಗೆ ಈಗಲೂ ಯಾವ ಊರು ಯಾವುದು ಎಂಬುದು ನೆನಪಿಲ್ಲ, ಗಾಡಿ ಹತ್ತಿದ್ದು ಇಳಿದದ್ದು ಮಾತ್ರ ನೆನಪಿದೆ. ಅದು ನನಗೆ ಇವತ್ತಿಗೂ ಬೇಜಾರು.

ಇನ್ನು ಹಡಗಿನಿಂದ ಊರಿಗೆ ಮುಟ್ಟುವ ವಿಷಯ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅಲ್ಲಿ ಕ್ರೂಸ್ ಹಡಗು ದಡಕ್ಕೆ ಹತ್ತುವುದಿಲ್ಲ, ಜ್ವಾಲಾಮುಖಿ ಕುಸಿದು ಆದ ಆ ದೊಡ್ಡ ಕೊಲ್ಲಿಯ ನಡುವೆ ನಿಲ್ಲುತ್ತದೆ. ಸಣ್ಣ ದೋಣಿಯಲ್ಲಿ ದಡಕ್ಕೆ ಬರಬೇಕು. ಹಡಗಿನವರ ಟೂರ್ ತೆಗೆದುಕೊಂಡವರನ್ನು ಸಾಮಾನ್ಯವಾಗಿ ಅಥಿನಿಯೋಸ್ ಬಂದರಿಗೆ ಬಿಡುತ್ತಾರೆ, ಅಲ್ಲಿಗೆ ಬಸ್ ಬರುತ್ತದೆ. ನಮ್ಮಂತೆ ಸ್ವಂತ ಹೋಗುವವರನ್ನು ಫಿರಾದ ಕೆಳಗಿನ ಹಳೇ ಬಂದರಿಗೆ ಬಿಡುತ್ತಾರೆ. ಅಲ್ಲಿಂದ ಮೇಲೆ ರಸ್ತೆಯೇ ಇಲ್ಲ! ಸುಮಾರು 220 ಮೀಟರ್ ಎತ್ತರದ ಕಡಿದಾದ ಗೋಡೆ. ಹತ್ತಲು 588 ಮೆಟ್ಟಿಲು, ಇಲ್ಲಾಂದ್ರೆ ಕತ್ತೆ, ಇಲ್ಲಾಂದ್ರೆ ಕೇಬಲ್ ಕಾರ್. ನಮ್ಮ ಕಡೆ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹತ್ತಿದವರಿಗೆ ಮೆಟ್ಟಿಲು ಅಂದರೆ ಏನು ಅಂತ ಗೊತ್ತಲ್ವಾ, ಇದು ಅದಕ್ಕಿಂತ ಎಷ್ಟೋ ಜಾಸ್ತಿ, ಅದರಲ್ಲೂ ಕತ್ತೆಯ ಲದ್ದಿ ಬಿದ್ದು ಕಲ್ಲು ಜಾರುತ್ತದೆ. ನಿಮ್ಮ ಅವ್ವನಿಗೆ ಕೇಬಲ್ ಕಾರ್ ಒಂದೇ ದಾರಿ. ಹತ್ತಲು ಮೂರು-ನಾಲ್ಕು ನಿಮಿಷ ಸಾಕು, ಸಾಲು ಮಾತ್ರ ಉದ್ದ. ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರು ಎಂದು 2025ರಿಂದ ಮಿತಿ ಹಾಕಿದ್ದಾರೆ, ಆದರೂ ಅದು ಹದಿನೈದು ಸಾವಿರ ಚಿಲ್ಲರೆ ಜನ ಇರುವ ದ್ವೀಪ. ಆದಷ್ಟು ಮೊದಲ ದೋಣಿಯಲ್ಲೇ ಇಳಿಯಿರಿ. ಡ್ರೈವರ್‌ಗೆ ಕೇಬಲ್ ಕಾರಿನ ಮೇಲಿನ ಬಾಗಿಲಲ್ಲಿ 9ಕ್ಕೆ ನಿಲ್ಲಲು ಹೇಳಿ. ಮರಳಿ ಇಳಿಯುವಾಗ ಎಲ್ಲ ಹಡಗಿನವರೂ ಒಮ್ಮೆಲೇ ಬರುತ್ತಾರೆ. ನಾವು ಒಂದು ತಾಸಿಗೂ ಜಾಸ್ತಿ ಬಿಸಿಲಲ್ಲಿ ನಿಂತೆವು. ನೀವು 3 ಗಂಟೆಗೆಲ್ಲ ಸಾಲಿನಲ್ಲಿರಿ.

ಮಾತಾಡುವಾಗ ಇನ್ನೊಂದು ಕೇಳಿ. ಗಾಳಿ ಜೋರಿದ್ದರೆ ಕ್ಯಾಪ್ಟನ್ ಸ್ಯಾಂಟೊರಿನಿ ಬಿಟ್ಟು ಮುಂದೆ ಹೋಗಬಹುದು. ಆಗ ಮುಂಗಡ ಪೂರ್ತಿ ವಾಪಸ್ ಕೊಡುತ್ತೀರಾ ಎಂದು ಬರಹದಲ್ಲೇ ತೆಗೆದುಕೊಳ್ಳಿ. ಕೊಡುವುದಿಲ್ಲ ಅಂದರೆ ಬೇರೆಯವರನ್ನು ನೋಡಿ.

ಬಸ್ಸಿನ ಹುಡುಗ, ವಿಜಯಪುರ

ನಾನು ಬೇರೆ ಮಾತು ಹೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. 420 ಯೂರೋ ಅಂದರೆ ನಲವತ್ತು ಸಾವಿರ ರೂಪಾಯಿಗೂ ಮೇಲೆ. ನಾನೂ ನನ್ನ ಗೆಳೆಯನೂ ಫಿರಾ ಬಸ್ ಸ್ಟ್ಯಾಂಡಿನಿಂದ ಸರ್ಕಾರಿ ದರದ ಬಸ್ ಹಿಡಿದು ಅಕ್ರೋತಿರಿ, ಇಯಾ ಎರಡೂ ನೋಡಿದೆವು, ಒಬ್ಬರಿಗೆ ಕೆಲವೇ ಯೂರೋ ಆಯಿತು. ದ್ವೀಪದ ಬಸ್ಸುಗಳೆಲ್ಲ ಫಿರಾಕ್ಕೇ ಬಂದು ಹೋಗುತ್ತವೆ, ಗೊಂದಲವಿಲ್ಲ.

ಆದರೆ ಅಕ್ಕ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾವು ಬಸ್ಸಿನಲ್ಲಿ ಮುಕ್ಕಾಲು ದಾರಿ ನಿಂತೇ ಹೋದದ್ದು. ಮೊಣಕಾಲು ನೋವಿದ್ದವರನ್ನು ಹಾಗೆ ಕರೆದೊಯ್ಯಲು ಆಗುವುದಿಲ್ಲ. ಟ್ಯಾಕ್ಸಿ ಸಿಗುತ್ತದೆ ಎಂದು ನಂಬಿ ಹೋಗಬೇಡಿ, ಇಡೀ ದ್ವೀಪಕ್ಕೆ ಬಹಳ ಕಡಿಮೆ ಟ್ಯಾಕ್ಸಿ ಇವೆ. ಬರೀ ಇಬ್ಬರು ಹುಡುಗರಾದರೆ ಬಸ್ಸೇ ಸರಿ, ನಿಮಗೆ ಗಾಡಿಯೇ ಸರಿ.

ಒಂದು ಮಾತ್ರ ನೆನಪಿಡಿ. ಡ್ರೈವರ್ ದಾರಿಯಲ್ಲಿ ಎಷ್ಟು ಬೇಕಾದರೂ ಹೇಳಬಹುದು, ಆದರೆ ಗ್ರೀಸ್‌ನಲ್ಲಿ ಉತ್ಖನನದ ಜಾಗದ ಒಳಗೆ, ಮ್ಯೂಸಿಯಂ ಒಳಗೆ ಲೈಸೆನ್ಸ್ ಇರುವ ಗೈಡ್ ಮಾತ್ರ ಹೇಳಬಹುದು. ಅದು ಬೇರೆ ದುಡ್ಡು. ನಾವು ಗೈಡ್ ಇಲ್ಲದೆ ಹೋಗಿ ಅರ್ಧ ತಾಸಿನಲ್ಲಿ ಹೊರಗೆ ಬಂದೆವು, ಏನೂ ತಿಳಿಯಲಿಲ್ಲ. ನಿಮ್ಮ ಅಪ್ಪಾಜಿಗೆ ಗೈಡ್ ಬೇಕೇ ಬೇಕು.

ನವನಗರದ ಮಗಳು, ಬಾಗಲಕೋಟೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ರೀ. ಸೂರ್ಯಾಸ್ತದ ವಿಷಯ ನನಗೆ ಹೊಳೆದೇ ಇರಲಿಲ್ಲ. ಈಗ ಎರಡು ಪ್ರಶ್ನೆ. ಅಕ್ರೋತಿರಿಯ ಒಳಗೆ ಅವ್ವನಿಗೆ ನಡೆಯಲು ಆಗುತ್ತದಾ? ಊಟ ಏನು ಮಾಡುವುದು? ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ.

ಇತಿಹಾಸದ ಟೀಚರ್, ಬೆಳಗಾವಿ

ಅಕ್ರೋತಿರಿಯ ಬಗ್ಗೆ ನಾನು ಹೇಳುತ್ತೇನೆ, ನಾನು ಅಲ್ಲಿಗೆ ಹೋದದ್ದೇ ಅದಕ್ಕಾಗಿ.

ಅವ್ವನಿಗೆ ತೊಂದರೆ ಇಲ್ಲ. ಇಡೀ ಜಾಗದ ಮೇಲೆ ದೊಡ್ಡ ಚಾವಣಿ ಇದೆ, ಬಿಸಿಲು ತಾಗುವುದಿಲ್ಲ. ನಡೆಯಲು ಅಟ್ಟಣಿಗೆಯಂಥ ದಾರಿ, ಇಳಿಜಾರು ಮಾಡಿದ್ದಾರೆ. ಹಳೆಯ ಚಾವಣಿ 2005ರಲ್ಲಿ ಕುಸಿದು ಒಬ್ಬ ಪ್ರವಾಸಿ ತೀರಿಕೊಂಡಿದ್ದರು, ಆಮೇಲೆ ಮುಚ್ಚಿ 2012ರಲ್ಲಿ ಮತ್ತೆ ತೆರೆದರು.

ಇನ್ನು ಅಪ್ಪಾಜಿಗೆ. ಆ ಊರು ಕ್ರಿಸ್ತಪೂರ್ವ 1600ರ ಆಸುಪಾಸಿನ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದದ್ದು. ಸ್ಪಿರಿಡಾನ್ ಮರಿನಾಟೋಸ್ 1967ರಲ್ಲಿ ಅಗೆಯಲು ಶುರು ಮಾಡಿದರು. ಎರಡು-ಮೂರು ಅಂತಸ್ತಿನ ಮನೆಗಳು, ಕಿಟಕಿ, ಓಣಿ, ಓಣಿಯ ಕೆಳಗೆ ಚರಂಡಿ. ಒಂದು ಮನೆಯಲ್ಲಿ ಮೇಲಿನ ಅಂತಸ್ತಿನಲ್ಲೇ ಶೌಚಾಲಯ, ಅದರ ಕೊಳವೆ ಗೋಡೆಯೊಳಗಿಂದ ಇಳಿದು ಓಣಿಯ ಚರಂಡಿಗೆ ಸೇರುತ್ತದೆ. ನಾನು ಅದರ ಮುಂದೆ ನಿಂತಾಗ ನಮ್ಮ ಮಕ್ಕಳಿಗೆ ಮೊಹೆಂಜೊದಾರೊ ಪಾಠ ಮಾಡುವುದೇ ನೆನಪಾಯಿತು. ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಇಟಲಿಯಲ್ಲಿ ಹೀಗೇ ಬೂದಿಯಲ್ಲಿ ಮುಚ್ಚಿಹೋದ ಪೊಂಪೇಯಲ್ಲಿ ಹೆಣಗಳು ಸಿಕ್ಕವು, ಇಲ್ಲಿ ಸಿಗಲಿಲ್ಲ. ಮೊದಲು ಭೂಕಂಪವಾಗಿ ಜನಕ್ಕೆ ಸುಳಿವು ಸಿಕ್ಕಿತ್ತು, ಅವರು ಮನೆ ಬಿಟ್ಟು ಹೊರಟಿದ್ದರು. ಒಡೆದ ಕಲ್ಲಿನ ಮೆಟ್ಟಿಲು ಹಾಗೇ ಇವೆ, ಮಂಚಗಳ ಗುರುತು ಬೂದಿಯಲ್ಲಿ ಉಳಿದಿದೆ, ಮನುಷ್ಯರು ಮಾತ್ರ ಇಲ್ಲ.

ಗೋಡೆಯ ಚಿತ್ರಗಳು ಅಲ್ಲಿ ಇರುವುದಿಲ್ಲ, ಇದನ್ನು ಅಪ್ಪಾಜಿಗೆ ಮೊದಲೇ ಹೇಳಿಬಿಡಿ, ಬೇಜಾರಾಗಬಾರದು. ಕೆಲವು ಅಥೆನ್ಸ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿವೆ, ಕೆಲವು ಫಿರಾದ ಪ್ರಾಗೈತಿಹಾಸಿಕ ಥೀರಾ ಮ್ಯೂಸಿಯಂನಲ್ಲಿವೆ (ಥೀರಾ ಅಂದರೆ ಸ್ಯಾಂಟೊರಿನಿಯ ಹಳೇ ಹೆಸರು). ಫಿರಾದ್ದು ಸಣ್ಣದು, ಮುಕ್ಕಾಲು ತಾಸು ಸಾಕು, ಕೊನೆಗೆ ಅಲ್ಲಿ ಇಳಿಸಲು ಹೇಳಿ. ಅಲ್ಲಿ ನೀಲಿ ಕೋತಿಗಳ ಚಿತ್ರವಿದೆ. ಆ ಕೋತಿಗಳು ಬಾಲವನ್ನು ಮೇಲಕ್ಕೆತ್ತಿ ಬಾಗಿಸಿರುವ ರೀತಿ ನೋಡಿ ಇವು ನಮ್ಮ ಹನುಮಾನ್ ಲಂಗೂರ್ ಇರಬೇಕು ಎಂದು ಕೆಲವು ಸಂಶೋಧಕರು ಹೇಳಿದ್ದಾರೆ. ಗ್ರೀಸ್‌ನಲ್ಲಿ ಕೋತಿಯೇ ಇಲ್ಲ. ಹಾಗಾದರೆ ಮೂರೂವರೆ ಸಾವಿರ ವರ್ಷದ ಹಿಂದೆ ಅದನ್ನು ಯಾರು ನೋಡಿ ಬಂದರು, ಎಲ್ಲಿ ನೋಡಿದರು? ಬಾದಾಮಿಯಲ್ಲಿ ಮಂಗ ನೋಡಿ ಬೆಳೆದ ನಿಮ್ಮ ಅಪ್ಪಾಜಿ ಆ ಗೋಡೆಯ ಮುಂದಿನಿಂದ ಬೇಗ ಕದಲುವುದಿಲ್ಲ, ನೋಡಿ ಬೇಕಾದರೆ.

ಗೈಡ್‌ಗೆ ಮೊದಲೇ ತಿಳಿಸಿ, ಬರುವವರು ಮಾಸ್ತರು, ಪ್ರಶ್ನೆ ಕೇಳುತ್ತಾರೆ ಎಂದು. ಒಳ್ಳೆಯ ಗೈಡ್‌ಗೆ ಅದರಷ್ಟು ಖುಷಿಯ ವಿಷಯ ಬೇರೆ ಇಲ್ಲ.

ದ್ರಾಕ್ಷಿ ತೋಟ, ತಿಕೋಟಾ

ತಂಗಿ, ನಿಮ್ಮ ಪಟ್ಟಿಯಲ್ಲಿ ವೈನರಿ ಇದೆ. ನೀವು ಕುಡಿಯುವವರಲ್ಲ, ಅದನ್ನು ತೆಗೆಸಿ. ಅದರ ಬದಲು "ದಾರಿಯಲ್ಲಿ ದ್ರಾಕ್ಷಿ ಹೊಲದ ಹತ್ತಿರ ಹತ್ತು ನಿಮಿಷ ನಿಲ್ಲಿಸು" ಎಂದು ಬರೆಯಿರಿ. ದುಡ್ಡು ಬೇಡ, ಟಿಕೆಟ್ ಬೇಡ.

ನಾನು ಮೂವತ್ತು ವರ್ಷದಿಂದ ದ್ರಾಕ್ಷಿ ಬೆಳೆಯುವವನು. ನಮ್ಮಲ್ಲಿ ಆಂಗಲ್, ತಂತಿ, ಡ್ರಿಪ್, ಬಳ್ಳಿ ತಲೆಯ ಮೇಲೆ. ಅಲ್ಲಿ ಬಳ್ಳಿ ನೆಲದ ಮೇಲೆ! ಕೊಡದ ಕೆಳಗೆ ಇಡುವ ಸಿಂಬಿ ಇರುತ್ತದಲ್ಲ, ಬಳ್ಳಿಯನ್ನು ಹಾಗೆ ಸುತ್ತಿ ಸುತ್ತಿ ಬುಟ್ಟಿ ಮಾಡಿರುತ್ತಾರೆ, ಗೊನೆ ಅದರ ಒಳಗೆ ಬಿಡುತ್ತದೆ. ಸಮುದ್ರದ ಗಾಳಿ ಗೊನೆಗೆ ಬಡಿಯುವುದಿಲ್ಲ. ಹೆಚ್ಚಿನ ಕಡೆ ನೀರೂ ಕಟ್ಟುವುದಿಲ್ಲ, ಇಬ್ಬನಿ, ಸಮುದ್ರದ ಮಂಜು, ಅಷ್ಟೇ. ಮಣ್ಣು ಕೈಯಲ್ಲಿ ಹಿಡಿದು ನೋಡಿದೆ, ಹಗುರಾದ ಬೂದಿ, ರಂಧ್ರ ರಂಧ್ರದ ಕಲ್ಲು. ಯುರೋಪಿನ ತೋಟಗಳನ್ನೆಲ್ಲ ಹಾಳು ಮಾಡಿದ ಬೇರಿನ ಹುಳ ಫಿಲಾಕ್ಸೆರಾ ಆ ಮಣ್ಣಿನಲ್ಲಿ ಬದುಕುವುದಿಲ್ಲವಂತೆ, ಅದಕ್ಕೆ ಅಲ್ಲಿ ಕಸಿ ಇಲ್ಲದ ಸ್ವಂತ ಬೇರಿನ ಹಳೇ ಬಳ್ಳಿಗಳು ಉಳಿದಿವೆ. ನಾವು ಡಾಗ್ರಿಜ್ ಎಂಬ ಬೇರೆ ಜಾತಿ ದ್ರಾಕ್ಷಿಯ ಬೇರು ನೆಟ್ಟು ಅದರ ಮೇಲೆ ಕಸಿ ಕಟ್ಟುತ್ತೇವೆ. ನಾನು ಆ ಬಳ್ಳಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತದ್ದು ನೋಡಿ ಡ್ರೈವರ್ ಇಳಿದು ಬಂದ. ಅವನ ಅಪ್ಪನದೂ ತೋಟವಂತೆ. ಆಗಸ್ಟಿನಲ್ಲಿ ಕೊಯ್ದು ಬಿಸಿಲಲ್ಲಿ ಹರವಿ ಒಣಗಿಸಿ ಸಿಹಿ ವೈನ್ ಮಾಡುತ್ತಾರೆ ಎಂದ. ನಾವು ಶೆಡ್ಡಿನ ನೆರಳಲ್ಲಿ ಒಣದ್ರಾಕ್ಷಿ ಮಾಡುವುದನ್ನು ಮೊಬೈಲಿನಲ್ಲಿ ತೋರಿಸಿದೆ. ಇಪ್ಪತ್ತು ನಿಮಿಷ ಮಾತಾಡಿದೆವು. ಪ್ರೈವೇಟ್ ಗಾಡಿ ಅಂದರೆ ನನ್ನ ಪಾಲಿಗೆ ಅದೇ.

ಇನ್ನು ಅವ್ವನ ಸಲುವಾಗಿ ಒಂದು ಜಾಗ. ಪ್ರೊಫಿತಿಸ್ ಇಲಿಯಾಸ್ ಗುಡ್ಡ, ದ್ವೀಪದಲ್ಲೇ ಎತ್ತರ, 567 ಮೀಟರ್. ಗಾಡಿ ಮೇಲಿನ ಮಠದವರೆಗೂ ಹೋಗುತ್ತದೆ. ಬಾಗಿಲು ತೆಗೆದು ಇಳಿದರೆ ಇಡೀ ದ್ವೀಪ ಕೆಳಗೆ ಕಾಣುತ್ತದೆ. ಒಂದು ಮೆಟ್ಟಿಲೂ ಹತ್ತಬೇಕಿಲ್ಲ. ಗಾಳಿ ಇರುತ್ತದೆ, ಶಾಲು ಇಟ್ಟುಕೊಳ್ಳಿ.

ಟಿಳಕವಾಡಿ ಪ್ರವಾಸಿ, ಬೆಳಗಾವಿ

ತಿಕೋಟಾ ಕಾಕಾ ಹೇಳಿದ್ದು ಸರಿ. ನಾನಾದರೆ ಇಯಾ ಪೂರ್ತಿ ಬಿಟ್ಟುಬಿಡಿ ಎನ್ನುತ್ತೇನೆ. ಗಾಡಿ ಊರ ಹೊರಗೇ ನಿಲ್ಲುತ್ತದೆ, ಒಳಗೆಲ್ಲ ನಡಿಗೆ, ಮೆಟ್ಟಿಲು, ನೂಕುನುಗ್ಗಲು. ಅವ್ವನ ಫೋಟೊಕ್ಕೆ ಫಿರೊಸ್ತೆಫಾನಿ ಸಾಕು. ಅಲ್ಲೂ ನೀಲಿ ಗುಮ್ಮಟ ಇದೆ, ಹಿಂದೆ ಸಮುದ್ರ ಇದೆ, ಫಿರಾದ ಪಕ್ಕದಲ್ಲೇ.

ಊಟಕ್ಕೆ ಪಿರ್ಗೋಸ್ ಅಥವಾ ಮೆಗಾಲೋಖೋರಿ ಹಳ್ಳಿಯಲ್ಲಿ ನಿಲ್ಲಿಸಿ. ಫಾವಾ ಕೇಳಿ. ಹಳದಿ ಬೇಳೆ ಬೇಯಿಸಿ ರುಬ್ಬಿ ಮೇಲೆ ಉಳ್ಳಾಗಡ್ಡಿ, ಆಲಿವ್ ಎಣ್ಣೆ ಹಾಕಿ ಕೊಡುತ್ತಾರೆ, ನೋಡಲು ಮೆತ್ತಗಿನ ಜುಣಕದ ಹಾಗೆ. ನಮ್ಮ ಅತ್ತೆ ಎರಡು ಸಲ ಹಾಕಿಸಿಕೊಂಡರು. ಟೊಮೇಟೊ ಭಜಿಯೂ ಸಿಗುತ್ತದೆ, ಆದರೆ ಅದರಲ್ಲಿ ಮೊಟ್ಟೆ ಇದೆಯಾ ಅಂತ ಕೇಳಿ. ಅಲ್ಲಿಯವರ ಉಪವಾಸದ ಅಡುಗೆಗೆ "ನಿಸ್ತೀಸಿಮೊ" ಅಂತಾರೆ. ಅಂದರೆ ಮಾಂಸ, ಹಾಲು, ಮೊಟ್ಟೆ ಇಲ್ಲ. ಆದರೆ ಸಿಗಡಿ, ಚಿಪ್ಪಿನ ಜೀವಿ ಅದರಲ್ಲಿ ನಡೆಯುತ್ತದೆ, ಅದಕ್ಕೆ ಅದೂ ಬೇಡ ಎಂದು ಬೇರೆ ಹೇಳಬೇಕು. ಮುಂಚೆಯೇ ಡ್ರೈವರ್‌ಗೆ ಬರೆದುಬಿಟ್ಟರೆ ಅವನೇ ಹೋಟೆಲಿನವರಿಗೆ ಫೋನ್ ಮಾಡಿ ಹೇಳುತ್ತಾನೆ.

ನವನಗರದ ಮಗಳು, ಬಾಗಲಕೋಟೆ

ನಿನ್ನೆ ರಾತ್ರಿ ಅಪ್ಪನ ಪಕ್ಕದಲ್ಲಿ ಕುಳಿತು ಮೇಲ್ ಬರೆದೆ. 9ಕ್ಕೆ ಕೇಬಲ್ ಕಾರ್ ಮೇಲೆ ಭೇಟಿ. ನೇರ ಅಕ್ರೋತಿರಿ, ಲೈಸೆನ್ಸ್ ಇರುವ ಗೈಡ್ ಜೊತೆ ಒಂದೂವರೆ ತಾಸು. ದಾರಿಯಲ್ಲಿ ದ್ರಾಕ್ಷಿ ಹೊಲ. ಗುಡ್ಡದ ಮೇಲಿನ ಮಠ. ಪಿರ್ಗೋಸ್‌ನಲ್ಲಿ ಊಟ. ಫಿರೊಸ್ತೆಫಾನಿಯಲ್ಲಿ ಫೋಟೊ. ಕೊನೆಗೆ ಫಿರಾ ಮ್ಯೂಸಿಯಂನಲ್ಲಿ ಇಳಿಸಿ ಹೋಗುವುದು. ಅಂಗಡಿ ಬೇಡ, ವೈನರಿ ಬೇಡ, ಬೀಚ್ ಬೇಡ. ಹಡಗು ಬರದಿದ್ದರೆ ಮುಂಗಡ ವಾಪಸ್.

ಬೆಳಿಗ್ಗೆ ಉತ್ತರ ಬಂದಿದೆ. ಎಲ್ಲಕ್ಕೂ ಒಪ್ಪಿದ್ದಾರೆ, ಮುಂಗಡಕ್ಕೂ. ಗೈಡ್ ದುಡ್ಡು ಬೇರೆ. ಈ ಸಲ ಬೇರೆ ಯಾರೋ ಬರೆದಂತಿದೆ. "ನಿಮ್ಮ ತಾಯಿಗೆ ಮುಂದಿನ ಸೀಟು ಎತ್ತರವಾಗುತ್ತದಾ, ಸಣ್ಣ ಸ್ಟೂಲ್ ತರಬೇಕಾ?" ಎಂದು ಕೇಳಿದ್ದಾರೆ. ಅವ್ವನಿಗೆ ಓದಿ ಹೇಳಿದೆ. ತರಲಿ ಅಂದಳು.