ತದ್ರೂಪಿಗಳ ಕಾದಂಬರಿಯಲ್ಲಿ ತಪ್ಪು ಎಲ್ಲಿದೆ?

ಪ್ರಶ್ನೆ:
ಕಜುವೊ ಇಶಿಗುರೊ ಅವರ 2005ರ ಕಾದಂಬರಿ ‘ನೆವರ್ ಲೆಟ್ ಮಿ ಗೋ’ ಓದಿದೆ. ಅಂಗಾಂಗಗಳಿಗಾಗಿಯೇ ತದ್ರೂಪಿಗಳಾಗಿ (ಕ್ಲೋನ್‌ಗಳಾಗಿ) ಸೃಷ್ಟಿಯಾದ ಮಕ್ಕಳು ಹೇಲ್‌ಶಮ್ ಎಂಬ ವಸತಿಶಾಲೆಯಲ್ಲಿ ಬೆಳೆದು, ಮೊದಲು ಶುಶ್ರೂಷಕರಾಗಿ, ಅನಂತರ ದಾನಿಗಳಾಗಿ, ಹೆಚ್ಚೆಂದರೆ ನಾಲ್ಕನೆಯ ದಾನದ ಹೊತ್ತಿಗೆ ಸಾಯುತ್ತಾರೆ. ಕ್ಲೋನಿಂಗ್ ಹೇಗೆ ನಡೆಯಿತೆಂಬ ವಿವರವೇ ಅದರಲ್ಲಿಲ್ಲ. ಅನಾಥ ಮಕ್ಕಳನ್ನಿಟ್ಟುಕೊಂಡು ಇದೇ ಕಥೆಯನ್ನು ಹೇಳಬಹುದಿತ್ತಲ್ಲವೇ?

ಉತ್ತರ 1:
ಹೇಳಲಾಗದು ಎಂಬುದು ನನ್ನ ಅಭಿಪ್ರಾಯ. ಅನಾಥನಿಗೂ ಒಂದು ಕಾಲಕ್ಕೆ ತಾಯಿಯಿದ್ದಳು. ಅವನನ್ನು ಕೊಂದವರು ಯಾರದೋ ಮಗುವನ್ನು ಕೊಂದೆವೆಂದು ಒಳಗೊಳಗೆ ಬಲ್ಲರು. ಈ ಮಕ್ಕಳಿಗೆ ಆ ಋಣಾನುಬಂಧವೂ ಇಲ್ಲ. ಅವರಲ್ಲೊಬ್ಬಳಾದ ರೂತ್, ತಾನು ಯಾರ ತದ್ರೂಪಿಯೋ ಆ ಮೂಲವಿರಬಹುದಾದ ಹೆಂಗಸೊಬ್ಬಳನ್ನು ನೋಡಲು ಇಂಗ್ಲೆಂಡಿನ ನಾರ್ಫೋಕ್‌ವರೆಗೆ ಹೋಗಿ, ಕಚೇರಿಯೊಂದರ ಗಾಜಿನ ಹೊರಗೆ ನಿಂತು ನೋಡಿ, ಕೊನೆಗೆ ನಿರಾಶಳಾಗುವ ಪ್ರಸಂಗವನ್ನು ಇನ್ನೊಮ್ಮೆ ಓದಿ ನೋಡಿ. ಈ ಮಕ್ಕಳಿಗೆ ಆತ್ಮವಿದೆಯೆಂದು ಹೊರಜಗತ್ತಿಗೆ ತೋರಿಸಲು ಅವರು ಬರೆದ ಚಿತ್ರಗಳನ್ನೇ ಸಾಕ್ಷಿಯಾಗಿ ಸಂಗ್ರಹಿಸಬೇಕಾಗುತ್ತದೆ. ಅನಾಥನ ವಿಷಯದಲ್ಲಿ ಯಾರೂ ಇಂಥ ಸಾಕ್ಷಿ ಕೇಳುತ್ತಿರಲಿಲ್ಲ.

ಉತ್ತರ 2:
ಮೇಲಿನ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ತದ್ರೂಪಾಗಿರುವುದರಲ್ಲೇ ತಪ್ಪಿದ್ದರೆ ಅವಳಿಗಳು ಹುಟ್ಟುವುದೂ ತಪ್ಪಾಗಬೇಕಿತ್ತು. ಆಲ್ಡಸ್ ಹಕ್ಸ್‌ಲಿಯ 1932ರ ಕಾದಂಬರಿ ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಒಂದೇ ಅಂಡದಿಂದ 96 ಮಂದಿಯವರೆಗೆ ಹುಟ್ಟಿಸುತ್ತಾರೆ. ಅಲ್ಲಿಯೂ ಭಯ ಹುಟ್ಟಿಸುವುದು ಮುಖಗಳ ಹೋಲಿಕೆಯಲ್ಲ, ಹುಟ್ಟುವ ಮೊದಲೇ ಅವರ ದುಡಿಮೆ ಗೊತ್ತಾಗಿರುವುದು. (ವಾಸ್ತವದ ಆಕ್ಷೇಪ ಬೇರೆ: 1996ರಲ್ಲಿ ಡಾಲಿ ಎಂಬ ಒಂದು ತದ್ರೂಪಿ ಕುರಿಮರಿಗಾಗಿ 277 ಅಂಡಗಳಲ್ಲಿ ಪ್ರಯತ್ನ ನಡೆದಿತ್ತು. ಮನುಷ್ಯರಲ್ಲಿ ಅಷ್ಟು ಸೋಲುಗಳ ಹೊಣೆಯನ್ನು ಯಾರು ಹೊರುತ್ತಾರೆ?)

ಇಶಿಗುರೊ ಅವರಲ್ಲಿ ನನ್ನನ್ನು ಕಲಕಿದ್ದು ಮಾರ್ನಿಂಗ್‌ಡೇಲ್ ಪ್ರಕರಣ. ಹೆಚ್ಚು ಬುದ್ಧಿ, ಹೆಚ್ಚು ಕಸುವಿನ ಮಕ್ಕಳನ್ನು ಸೃಷ್ಟಿಸಲು ಹೊರಟ ವಿಜ್ಞಾನಿಯ ಸುದ್ದಿ ಹೊರಬಿದ್ದೊಡನೆ ಜನ ಬೆಚ್ಚಿಬೀಳುತ್ತಾರೆ, ಹೇಲ್‌ಶಮ್‌ಗೆ ಬರುತ್ತಿದ್ದ ನೆರವೂ ನಿಲ್ಲುತ್ತದೆ. ಮೂತ್ರಪಿಂಡ ಕೊಟ್ಟು ಸಾಯುವ ತದ್ರೂಪಿಯನ್ನು ಸಹಿಸಿಕೊಂಡಿದ್ದ ಸಮಾಜಕ್ಕೆ ತನ್ನ ಮಕ್ಕಳನ್ನು ಹಿಂದಿಕ್ಕಬಹುದಾದವನನ್ನು ಸಹಿಸಲು ಆಗಲಿಲ್ಲ. ವಿಜ್ಞಾನದ ಮಿತಿ ಎಲ್ಲಿರಬೇಕೆಂಬುದನ್ನು ಅಲ್ಲಿ ನಿರ್ಧರಿಸಿದ್ದು ಕರುಣೆಯಲ್ಲ, ಹೊಟ್ಟೆಕಿಚ್ಚು.

ಪ್ರಶ್ನೆ ಕೇಳಿದವರು:
ಅನಾಥರ ಹೋಲಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಒಂದು ಸಂಗತಿ ಮಾತ್ರ ಇನ್ನೂ ಕಾಡುತ್ತಿದೆ. ಕಥೆಯಲ್ಲಿ ಇದನ್ನು ‘ದಾನ’ ಎಂದೇ ಕರೆಯುತ್ತಾರೆ. ಕೊಡುವವನಿಗೆ ಇಲ್ಲವೆನ್ನುವ ಹಕ್ಕಿದ್ದಾಗಲಷ್ಟೇ ನಾವು ಆ ಪದವನ್ನು ಬಳಸುತ್ತೇವೆ. ಇಲ್ಲವೆಂದ ಒಬ್ಬನಾದರೂ ಆ ಪುಸ್ತಕದಲ್ಲಿ ನನಗೆ ಸಿಗಲಿಲ್ಲ.